ಇಂಜಿನ್ ಬೇಡವೆಂದ ಸಂಗ್ರಹಾಲಯ: ಒಂದು ನ್ಯಾರೋಗೇಜ್ ನಿಲ್ದಾಣದ ಪ್ರಕರಣ

ಈ ಬರಹದಲ್ಲಿ ಊರಿನ ಹೆಸರಿಲ್ಲ, ಸಮಿತಿಯವರ ಹೆಸರಿಲ್ಲ. ಗುರುತು ಹತ್ತಬಾರದೆಂದು ಒಂದೆರಡು ಹೊರಗಿನ ವಿವರಗಳನ್ನೂ ಬದಲಿಸಿದ್ದೇನೆ. ತೀರ್ಮಾನಗಳು ಮತ್ತು ಅವುಗಳ ಹಿಂದಿನ ಜಗಳಗಳು ಮಾತ್ರ ನಡೆದ ಹಾಗೇ ಇವೆ. ದಾಖಲಾತಿಗೆ ಕೈಜೋಡಿಸಲು ಹೊರಗಿನಿಂದ ಹೋಗಿದ್ದವನು ನಾನು, ಸಮಿತಿಯ ಸದಸ್ಯನಲ್ಲ. ಹಳೆ ನಿಲ್ದಾಣ, ಹಳೆ ಗಿರಣಿ, ಹಳೆ ಅಂಚೆ ಕಚೇರಿ ಯಾವುದನ್ನಾದರೂ ಸಂಗ್ರಹಾಲಯ ಮಾಡಬೇಕೆಂದು ಹೊರಟವರಿಗೆ ಉಪಯೋಗಕ್ಕೆ ಬಂದೀತು ಎಂದು ಬರೆಯುತ್ತಿದ್ದೇನೆ.

ಹಿನ್ನೆಲೆ

ಬಂಗಾರಪೇಟೆಯಿಂದ ಹೊರಟು ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ದೇವನಹಳ್ಳಿ ಬಳಸಿಕೊಂಡು ಯಲಹಂಕದ ಕಡೆ ಬರುವ ರೈಲು ದಾರಿ ಈಗ ಬ್ರಾಡ್‌ಗೇಜ್. ಹುಟ್ಟಿದ್ದು ನ್ಯಾರೋಗೇಜಾಗಿ, ಅಂದರೆ ಎರಡು ಹಳಿಗಳ ನಡುವಿನ ಅಂತರ (ಗೇಜು) ಕಿರಿದಾದ ದಾರಿಯಾಗಿ. ಬಂಗಾರಪೇಟೆಯನ್ನು ಬೌರಿಂಗ್‌ಪೇಟೆ ಎನ್ನುತ್ತಿದ್ದ ಕಾಲದಲ್ಲಿ, 1913ರಲ್ಲಿ, ಅಲ್ಲಿಂದ ಕೋಲಾರದವರೆಗೆ ಮೊದಲ ತುಂಡು ತೆರೆಯಿತು. 1915–16ರ ಹೊತ್ತಿಗೆ ಉಳಿದ ತುಂಡುಗಳೂ ಕೂಡಿಕೊಂಡವು. ಹಳಿಯಿಂದ ಹಳಿಗೆ ಎರಡೂವರೆ ಅಡಿ, ಅಂದರೆ 762 ಮಿಲಿಮೀಟರ್. ಬ್ರಾಡ್‌ಗೇಜಿನ 1676 ಮಿಲಿಮೀಟರಿಗೆ ಹೋಲಿಸಿದರೆ ಅರ್ಧಕ್ಕಿಂತ ಕಡಿಮೆ.

ಇಷ್ಟು ಕಿರಿದು ಮಾಡಿದ್ದಕ್ಕೆ ಕಾರಣ ದುಡ್ಡು. ಗೇಜು ಚಿಕ್ಕದಾದರೆ ತಿರುವುಗಳನ್ನು ಬಿಗಿಯಾಗಿ ತೆಗೆಯಬಹುದು, ಮಣ್ಣು ಅಗೆಯುವುದು ಕಡಿಮೆ, ಸೇತುವೆ ಸಣ್ಣದು, ಹಳಿ ಹಗುರ. ಈಗಿನ ಬ್ರಾಡ್‌ಗೇಜ್ ಹಳಿ ಮೀಟರಿಗೆ 52 ಇಲ್ಲವೇ 60 ಕಿಲೋ ತೂಗುತ್ತದೆ. ಇಂಥ ಲೈಟ್ ರೈಲ್ವೆಗಳಲ್ಲಿ ಹಾಕುತ್ತಿದ್ದ ಗಜಕ್ಕೆ 30–35 ಪೌಂಡಿನ ಹಳಿ ಅದರ ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟೇ. ಇಬ್ಬರು ಸೇರಿ ಒಂದು ತುಂಡನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗಬಹುದಿತ್ತು. ಆಮೇಲೆ ಹಾಗೆ ಹೊತ್ತುಕೊಂಡು ಹೋದದ್ದೂ ಉಂಟು, ಅದಕ್ಕೆ ಮುಂದೆ ಬರುತ್ತೇನೆ.

1992ರಲ್ಲಿ ಭಾರತೀಯ ರೈಲ್ವೆ ಎಲ್ಲ ಗೇಜುಗಳನ್ನೂ ಒಂದೇ ಮಾಡುವ ಯೋಜನೆಗೆ ಕೈಹಾಕಿತು. ಈ ದಾರಿಯೂ ತುಂಡುತುಂಡಾಗಿ ಬದಲಾಯಿತು. ಚಿಕ್ಕಬಳ್ಳಾಪುರ–ಕೋಲಾರ ನಡುವಿನ ಭಾಗಕ್ಕೆ ಬ್ರಾಡ್‌ಗೇಜ್ ರೈಲು ಬಂದಾಗ 2013. ಹೊಸ ಹಳಿಗೆ ಹೊಸ ಪ್ಲಾಟ್‌ಫಾರ್ಮ್, ಹೊಸ ಕಟ್ಟಡ. ಹಳೆ ನಿಲ್ದಾಣಗಳು ಪಕ್ಕದಲ್ಲಿ ಪಾಳು ಬಿದ್ದವು. ನಂದಿ ಹಾಲ್ಟ್, ದೇವನಹಳ್ಳಿಯಂಥ ಕೆಲವನ್ನು ಪಾರಂಪರಿಕ ಕಟ್ಟಡಗಳನ್ನು ಕಾಪಾಡುವ ಇಂಟ್ಯಾಕ್ ಸಂಸ್ಥೆ ಈಚೆಗೆ ದುರಸ್ತಿ ಮಾಡಿತು. ನಮ್ಮ ಪ್ರಕರಣದ ನಿಲ್ದಾಣಕ್ಕೆ ಆ ಅದೃಷ್ಟ ಇರಲಿಲ್ಲ. ಕಲ್ಲಿನ ಗೋಡೆ, ಹೆಂಚಿನ ಮಾಡು, ಒಳಗೆ ಟಿಕೆಟ್ ಕಿಂಡಿ ಇದ್ದ ಒಂದು ಕೋಣೆ, ಹೊರಗೆ ಜಗಲಿಯಂಥ ತೆರೆದ ಜಾಗ. ಜಗಲಿಯಲ್ಲಿ ಇಸ್ಪೀಟು ನಡೆಯುತ್ತಿತ್ತು, ಕೋಣೆಯಲ್ಲಿ ಯಾರೋ ರಾಗಿ ಹುಲ್ಲು ತುಂಬಿದ್ದರು.

ಇದನ್ನು ಸಂಗ್ರಹಾಲಯ ಮಾಡಬೇಕೆಂದು ಊರಿನ ನಿವೃತ್ತ ಮುಖ್ಯೋಪಾಧ್ಯಾಯರು ಒಂದು ಸಮಿತಿ ಕಟ್ಟಿದರು. ಅವರೇ ಅಧ್ಯಕ್ಷರು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಇಂಜಿನಿಯರ್ ಹುಡುಗ ಕಾರ್ಯದರ್ಶಿ, ಬ್ಯಾಂಕಿನಿಂದ ನಿವೃತ್ತರಾದವರೊಬ್ಬರು ಖಜಾಂಚಿ. ಇದೇ ದಾರಿಯಲ್ಲಿ ಹಳಿಯುದ್ದಕ್ಕೂ ನಡೆದು ಸಡಿಲಾದದ್ದನ್ನು ಬಿಗಿ ಮಾಡುವ ಕೀಮನ್ ಆಗಿದ್ದ ಹಿರಿಯರೊಬ್ಬರನ್ನು ಗೌರವಕ್ಕೆಂದು ಸೇರಿಸಿಕೊಂಡಿದ್ದರು. ಎಲ್ಲರೂ ಅವರನ್ನು ತಾತ ಎನ್ನುತ್ತಿದ್ದರು. ಮೊದಲ ಸಭೆಗಳಲ್ಲಿ ಯಾರೂ ಅವರ ಅಭಿಪ್ರಾಯ ಕೇಳಿದ್ದು ನನಗೆ ಕಾಣಲಿಲ್ಲ.

ಸಮಸ್ಯೆ ಏನಿತ್ತು

ಕಟ್ಟಡ ರೈಲ್ವೆಯದು, ಜಾಗ ರೈಲ್ವೆಯದು. ದುರಸ್ತಿಗೆ ದಾನಿಗಳ ಹಣ ಅಷ್ಟಿಷ್ಟು ಸೇರಿತ್ತು. ಪ್ರದರ್ಶನಕ್ಕೆ ಇಡಲು ಏನೂ ಇರಲಿಲ್ಲ. ಸಮಿತಿ ಇದನ್ನೆಲ್ಲ ಒಂದೇ ವಾಕ್ಯದಲ್ಲಿ ಅರ್ಥ ಮಾಡಿಕೊಂಡಿತ್ತು: ಇಂಜಿನ್ ಒಂದು ಸಿಕ್ಕರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ.

ಹಾಗನ್ನಿಸಿದ್ದು ಸಹಜ. ಮೈಸೂರಿನ ರೈಲು ಸಂಗ್ರಹಾಲಯಕ್ಕೆ ಶಾಲಾ ಪ್ರವಾಸ ಹೋಗಿ ಬಂದವರೇ ಎಲ್ಲ. ಅಲ್ಲಿಂದ ನೆನಪಿರುವುದು ಇಂಜಿನ್ ಹತ್ತಿ ನಿಂತದ್ದು. ನಾಗಪುರದ ಮೋತಿಬಾಗ್‌ನಲ್ಲಿ 2002ರಲ್ಲಿ ತೆರೆದ ನ್ಯಾರೋಗೇಜ್ ಸಂಗ್ರಹಾಲಯವನ್ನು ಕಾರ್ಯದರ್ಶಿ ನೋಡಿಕೊಂಡು ಬಂದಿದ್ದ. ಆದರೆ ಮೈಸೂರು, ನಾಗಪುರ ಎರಡನ್ನೂ ನಡೆಸುವುದು ರೈಲ್ವೆ. ಅವರಿಗೆ ಇಂಜಿನ್ ಹೊರಗಿನಿಂದ ತರಬೇಕಾದ ವಸ್ತುವಲ್ಲ, ತಮ್ಮದೇ ಮನೆಯ ಸಾಮಾನು. ಕ್ರೇನ್ ಇದೆ, ಫಿಟ್ಟರ್ ಇದ್ದಾನೆ, ಕಾವಲುಗಾರನ ಸಂಬಳ ಬೇರೆ ಲೆಕ್ಕದಲ್ಲಿ ಹೋಗುತ್ತದೆ. ಊರಿನ ಸಮಿತಿ ಅದೇ ಮಾದರಿಯನ್ನು ಹಿಡಿದು ಹೊರಟದ್ದೇ ಮೊದಲ ತೊಡಕು.

ಈ ದಾರಿಯಲ್ಲಿ ಓಡಿದ ಇಂಜಿನ್ ಒಂದೂ ಆ ಭಾಗದಲ್ಲಿ ಉಳಿದಿರಲಿಲ್ಲ. ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ, ಬಂದರೂ 'ಪರಿಶೀಲನೆಯಲ್ಲಿದೆ' ಎಂದಷ್ಟೇ. ಅಷ್ಟರಲ್ಲಿ ಒಂದು ಸಕ್ಕರೆ ಕಾರ್ಖಾನೆಯಿಂದ ಕರೆ ಬಂತು. ಹಿಂದೆ ಕಬ್ಬಿನ ಗಾಡಿ ಎಳೆಯುತ್ತಿದ್ದ ಸಣ್ಣ ಹಬೆ ಇಂಜಿನ್ ಒಂದು ಅಲ್ಲಿ ತುಕ್ಕು ಹಿಡಿದು ನಿಂತಿದೆ, ಸಾಗಿಸಿಕೊಂಡು ಹೋಗುವುದಾದರೆ ಗುಜರಿ ಬೆಲೆಗೆ ಕೊಡುತ್ತೇವೆ ಎಂದು. ಅಧ್ಯಕ್ಷರು ಅಂದೇ ಸಭೆ ಕರೆದರು.

ಮೊದಲ ತಿರುವು: ಯಾವ ನ್ಯಾರೋಗೇಜ್?

ಆ ಇಂಜಿನ್ 610 ಮಿಲಿಮೀಟರ್, ಅಂದರೆ ಎರಡಡಿ ಗೇಜಿನದು. ನ್ಯಾರೋಗೇಜ್ ಎನ್ನುವುದು ಒಂದೇ ಅಳತೆಯಲ್ಲ. ನಮ್ಮಲ್ಲೇ ತರೀಕೆರೆ–ನರಸಿಂಹರಾಜಪುರ ದಾರಿ ಎರಡಡಿಯದು, ಕೋಲಾರದ ದಾರಿ ಎರಡೂವರೆ ಅಡಿಯದು. ಡಾರ್ಜಿಲಿಂಗ್ ಎರಡಡಿ, ಕಾಲ್ಕಾ–ಶಿಮ್ಲಾ ಎರಡೂವರೆ. ಕಾರ್ಖಾನೆಯ ಇಂಜಿನ್ ಈ ಊರಿನ ಹಳಿಯ ಮೇಲೆ ಯಾವತ್ತೂ ನಿಲ್ಲಲೂ ಆಗುತ್ತಿರಲಿಲ್ಲ.

ಅಧ್ಯಕ್ಷರ ವಾದ: "ನೋಡೋರಿಗೆ ಆರಿಂಚಿನ ವ್ಯತ್ಯಾಸ ಯಾರಿಗೆ ಗೊತ್ತಾಗುತ್ತೆ? ಮಕ್ಕಳು ಬರಲಿ ಮೊದಲು."

ಕಾರ್ಯದರ್ಶಿ ಇದಕ್ಕೆ ಉತ್ತರವಾಗಿ ವೇಲ್ಸ್‌ನ ಟೈವಿನ್ ಎಂಬ ಕಡಲತೀರದ ಊರಿನ ನ್ಯಾರೋಗೇಜ್ ಸಂಗ್ರಹಾಲಯದ ಪ್ರಸ್ತಾಪ ಮಾಡಿದ. ಅದು ಟ್ಯಾಲಿಲಿನ್ ರೈಲ್ವೆಯ ನಿಲ್ದಾಣದಲ್ಲಿದೆ. ಕಲ್ಲುಗಣಿಯ ಸ್ಲೇಟು ಸಾಗಿಸುತ್ತಿದ್ದ ಈ ದಾರಿ ಮುಚ್ಚುವ ಹಂತಕ್ಕೆ ಬಂದಾಗ 1951ರಿಂದ ಸ್ವಯಂಸೇವಕರೇ ರೈಲು ಓಡಿಸತೊಡಗಿದರು. ಜಗತ್ತಿನಲ್ಲಿ ಹಾಗೆ ಉಳಿದ ಮೊದಲ ರೈಲ್ವೆ ಅದು. ಅವರ ಸಂಗ್ರಹಾಲಯಕ್ಕೆ ಮೊದಮೊದಲು ಬಂದ ವಸ್ತುಗಳಲ್ಲಿ ಡಬ್ಲಿನ್ನಿನ ಗಿನ್ನೆಸ್ ಮದ್ಯ ತಯಾರಿಕೆ ಕಂಪನಿಯ ಹದಿಮೂರನೇ ನಂಬರಿನ ಇಂಜಿನ್ ಒಂದು. ಅದರ ಗೇಜು ಒಂದಡಿ ಹತ್ತಿಂಚು. ಟ್ಯಾಲಿಲಿನ್ ಹಳಿ ಎರಡಡಿ ಮೂರಿಂಚು. ಅಲ್ಲೂ ಹೊಂದಾಣಿಕೆ ಇಲ್ಲ.

ಅಧ್ಯಕ್ಷರಿಗೆ ಖುಷಿಯಾಯಿತು: "ನಾನು ಹೇಳಿದ್ದೂ ಅದೇ ಅಲ್ಲವೇ!"

ಅಲ್ಲ, ಎಂದ ಕಾರ್ಯದರ್ಶಿ. ಇಡೀ ಸಭೆ ತಿರುಗಿದ್ದು ಅವನ ಮುಂದಿನ ಮಾತಿಗೆ. ಟೈವಿನ್‌ನವರು ತಮ್ಮ ಒಂದೇ ದಾರಿಯ ಕತೆ ಹೇಳಲು ಹೊರಟವರಲ್ಲ. ಬ್ರಿಟನ್ ಮತ್ತು ಐರ್ಲೆಂಡಿನ ಎಲ್ಲ ನ್ಯಾರೋಗೇಜ್‌ಗಳೂ ಅವರ ವಿಷಯ. ಎಂಬತ್ತಕ್ಕೂ ಹೆಚ್ಚು ರೈಲ್ವೆಗಳ ಸಾವಿರಕ್ಕೂ ಮಿಕ್ಕಿದ ವಸ್ತುಗಳು ಅಲ್ಲಿವೆ. ಆ ವಿಷಯಕ್ಕೆ ಗಿನ್ನೆಸ್ ಇಂಜಿನ್ ಹೇಳಿ ಮಾಡಿಸಿದ ಹಾಗಿದೆ. ಬೀದಿಯ ಕೊಳೆ ತಾಗದಿರಲೆಂದು ಸಿಲಿಂಡರುಗಳನ್ನು ಬಾಯ್ಲರಿನ ಮೇಲೆ ಕೂರಿಸಿದ ವಿಚಿತ್ರ ಯಂತ್ರ ಅದು. ಬ್ರಾಡ್‌ಗೇಜಿನ ಮೇಲೆ ಕೆಲಸ ಬಿದ್ದರೆ ಇಂಜಿನನ್ನೇ ಎತ್ತಿ, ಚಕ್ರವಿರುವ ಒಂದು ದೊಡ್ಡ ಚೌಕಟ್ಟಿನೊಳಗೆ ಇಳಿಸುತ್ತಿದ್ದರು. ಇಂಜಿನ್ನಿನ ಚಕ್ರ ತಿರುಗಿದರೆ ಉರುಳೆಗಳ ಮೂಲಕ ಹೊರ ಚೌಕಟ್ಟಿನ ಚಕ್ರ ತಿರುಗುತ್ತಿತ್ತು. ಗೇಜು ಬೇರೆ ಎನ್ನುವುದೇ ಅಲ್ಲಿ ಕತೆ. "ನಮ್ಮ ವಿಷಯ ಏನು ಅಂತ ಮೊದಲು ಬರೆಯೋಣ ಸರ್. ಕರ್ನಾಟಕದ ಎಲ್ಲ ನ್ಯಾರೋಗೇಜ್ ಅಂತಾದರೆ ಇಂಜಿನ್ ತರೋಣ. ಈ ದಾರಿ ಅಂತಾದರೆ ಬೇಡ."

ಖಜಾಂಚಿ ಲೆಕ್ಕ ಹಾಕಿದರು. ಲಾರಿ, ಕ್ರೇನ್, ಕಟ್ಟೆ, ಮೇಲೊಂದು ಮಾಡು. ಕೈಯಲ್ಲಿದ್ದ ಹಣ ಅಲ್ಲಿಗೇ ಮುಗಿದು ಹೆಂಚು ಹಾಕಿಸಲು ಏನೂ ಉಳಿಯುತ್ತಿರಲಿಲ್ಲ. ಜೊತೆಗೆ ಬಾಯ್ಲರಿನ ಸುತ್ತ ಸುತ್ತಿದ ಹಳೆ ಶಾಖನಿರೋಧಕ ಕಲ್ನಾರಿನದ್ದಾಗಿರಬಹುದು, ಊರಿನ ಹುಡುಗರನ್ನು ಬಿಟ್ಟು ಕೆರೆಸಿದರೆ ಶ್ವಾಸಕೋಶಕ್ಕೆ ಅಪಾಯ ಎಂಬ ಎಚ್ಚರಿಕೆ ಬಂತು. ಸಮಿತಿ ತನ್ನ ವಿಷಯವನ್ನು ಒಂದು ಸಾಲಿನಲ್ಲಿ ಬರೆದುಕೊಂಡಿತು: ಈ ದಾರಿ, ಈ ದಾರಿಯಲ್ಲಿ ದುಡಿದವರು, ಓಡಾಡಿದವರು. ಇಂಜಿನ್ ಬೇಡ ಎಂದು ಬಹುಮತವಾಯಿತು. ಅಧ್ಯಕ್ಷರು ರಾಜೀನಾಮೆ ಕೊಟ್ಟರು.

ನನ್ನ ಎಣಿಕೆಯಲ್ಲಿ ಈ ಪ್ರಕರಣದ ಅತಿ ದೊಡ್ಡ ತೀರ್ಮಾನ ಅದೇ. ಅದರ ಬೆಲೆಯೂ ಸಣ್ಣದಲ್ಲ: ಅಧ್ಯಕ್ಷರ ಮಾತಿಗೆ ಹಣ ಕೊಟ್ಟಿದ್ದ ಇಬ್ಬರು ದಾನಿಗಳು ಹಿಂದೆ ಸರಿದರು.

ಹಳಿ ಸಿಕ್ಕಿದ್ದು ಕೊಟ್ಟಿಗೆಯಲ್ಲಿ

ಸಭೆ ಮುಗಿದ ಮೇಲೆ ತಾತ ಮೊದಲ ಬಾರಿ ಬಾಯಿಬಿಟ್ಟರು. "ಇಂಜಿನ್ ಬಿಡಿ ಸಾ, ಅದು ಬರೋದು ಹೋಗೋದು. ದಾರಿ ಇಲ್ಲೇ ಇತ್ತಲ್ಲ. ದಾರೀನ ತೋರ್ಸಿ."

ಎಲ್ಲಿದೆ ದಾರಿ ಎಂದರೆ, ಮನೆಮನೆಯಲ್ಲಿದೆ ಎಂದರು. ಹಳಿ ಕಿತ್ತಾಗ ಗುಜರಿಗೆ ಹೋದದ್ದು ಹೋಯಿತು. ಹರಾಜಿನವರಿಂದ ಕೊಂಡು ತಂದ ತುಂಡುಗಳು ಊರಲ್ಲಿ ಉಳಿದಿದ್ದವು. ಮನೆಯ ತೊಲೆಯಾಗಿ, ತೋಟದ ಬೇಲಿಗಂಬವಾಗಿ, ಬಾವಿಯ ರಾಟೆಗೆ ಅಡ್ಡವಾಗಿ. ಒಂದು ದನದ ಕೊಟ್ಟಿಗೆಯಲ್ಲಿ ಕಂಬವಾಗಿ ನಿಂತಿದ್ದ ಹಳಿಯ ಪಕ್ಕೆಯನ್ನು ತಾತ ಕುಡುಗೋಲಿನ ಬೆನ್ನಿನಿಂದ ಕೆರೆದರು. ಸುಣ್ಣದ ಪದರು ಉದುರಿದ ಮೇಲೆ ಉಬ್ಬಕ್ಷರಗಳು ಬೆರಳಿಗೆ ಸಿಕ್ಕವು. ಹಳಿಯನ್ನು ಕಾಯಿಸಿ ಉರುಳೆಗಳ ನಡುವೆ ಎಳೆಯುವಾಗಲೇ ತಯಾರಕರ ಹೆಸರು, ಇಸವಿ, ತೂಕ ಅದರ ಪಕ್ಕೆಯಲ್ಲಿ ಮೂಡುವಂತೆ ಮಾಡುವುದು ಪದ್ಧತಿ. ಇಲ್ಲಿ ಹೆಸರು ಅರ್ಧ ಸವೆದಿತ್ತು, ತೂಕ ಓದಬಹುದಿತ್ತು. ಮನೆಯ ಯಜಮಾನಿ ಮೂವತ್ತು ವರ್ಷ ಎಮ್ಮೆ ಕಟ್ಟಿದ್ದ ಕಂಬ ಅದು; ಓದಿ ಹೇಳಿದಾಗ, "ಅಯ್ಯೋ, ಇದ್ರಲ್ಲಿ ಬರ್ದಿದ್ದಾರಾ?" ಎಂದು ತಾವೂ ಸವರಿ ನೋಡಿದರು.

ಸಮಿತಿ ಕಂಬ ಕೀಳಿಸಲಿಲ್ಲ. ಬೇಲಿಗಂಬಗಳನ್ನು ಮಾತ್ರ, ಬದಲಿಗೆ ಕಲ್ಲುಕಂಬ ನೆಡಿಸಿಕೊಟ್ಟು, ಪಡೆಯಿತು. ಉಳಿದವನ್ನು ಇದ್ದಲ್ಲೇ ಅಳೆದು, ಫೋಟೋ ತೆಗೆದು, ಪುಸ್ತಕದಲ್ಲಿ ನಂಬರು ಹಾಕಿತು. ನಿಲ್ದಾಣದಲ್ಲಿ ಗಂಟೆಯಾಗಿ ತೂಗುಹಾಕಿದ್ದ ಹಳಿಯ ತುಂಡು ಹತ್ತಿರದ ಪ್ರಾಥಮಿಕ ಶಾಲೆಯಲ್ಲಿ ಸಿಕ್ಕಿತು. ಅದು ಇನ್ನೂ ಶಾಲೆಯ ಗಂಟೆಯೇ. ತರಬೇಕೇ ಬಿಡಬೇಕೇ ಎಂದು ಚರ್ಚೆಯಾಗಿ, ಬಾರಿಸುತ್ತಿರುವವರೆಗೆ ಅಲ್ಲೇ ಇರಲಿ ಎಂದಾಯಿತು. ಸಂಗ್ರಹಾಲಯದ ವಸ್ತು ಸಂಗ್ರಹಾಲಯದ ಗೋಡೆಯೊಳಗೇ ಇರಬೇಕೆಂಬ ಹಟ ಬಿಟ್ಟಿದ್ದರಿಂದ ಊರಿನವರು ತಾವಾಗಿ ಬಂದು ಹೇಳತೊಡಗಿದರು: ನಮ್ಮನೇಲೂ ಒಂದಿದೆ, ಬಂದು ಬರ್ಕೊಳ್ಳಿ. ಕಿತ್ತುಕೊಂಡು ಹೋಗುವ ಭಯ ಇದ್ದಿದ್ದರೆ ಅರ್ಧದಷ್ಟೂ ಹೊರಗೆ ಬರುತ್ತಿರಲಿಲ್ಲ.

ಸಿಕ್ಕ ಹಳಿಗಳಿಂದ ನಿಲ್ದಾಣದ ಮುಂದೆ ಒಂದು ಸಣ್ಣ ದಾರಿ ಹಾಕಿಸುವುದೆಂದಾಯಿತು. ತಪಾಸಣೆಗೆ ಬಳಸುತ್ತಿದ್ದ ತಳ್ಳುವ ಟ್ರಾಲಿಯೊಂದು ಸಿಕ್ಕಿತ್ತು, ಅದನ್ನು ಮೇಲಿಡಬಹುದು. ಗುತ್ತಿಗೆದಾರ 762 ಮಿಲಿಮೀಟರ್ ಎಂದು ಬರೆದುಕೊಂಡು ಹೋಗಿ ಅಚ್ಚುಕಟ್ಟಾಗಿ ಹಾಕಿದ. ತಾತ ಬಂದು ನಿಂತು ನೋಡಿ, ಅಳತೆಪಟ್ಟಿಯನ್ನೂ ಕೇಳದೆ, "ಇದ್ರ ಮೇಲೆ ನಮ್ ಟ್ರಾಲಿ ಕೂರಲ್ಲ ಕಣಪ್ಪಾ" ಎಂದರು. ಇಟ್ಟು ನೋಡಿದರೆ ಕೂರಲಿಲ್ಲ. ಚಕ್ರದ ಅಂಚು ಹಳಿಯ ತಲೆಯ ಮೇಲೆ ಹತ್ತಿ ನಿಂತಿತು. ಗೇಜನ್ನು ಎರಡು ಹಳಿಗಳ ತಲೆಯ ಒಳಮೈಯಿಂದ ಒಳಮೈಗೆ ಅಳೆಯುತ್ತಾರೆ. ಗುತ್ತಿಗೆದಾರ ನಡುವಿನಿಂದ ನಡುವಿಗೆ ಹಿಡಿದಿದ್ದ. ಹಳಿತಲೆಯ ಒಂದು ಅಗಲದಷ್ಟು ದಾರಿ ಬಿಗಿಯಾಗಿತ್ತು.

ಕಿತ್ತು ಮತ್ತೆ ಹಾಕುವಾಗ ಮೇಸ್ತ್ರಿ ತಾತನೇ ಆದರು. ಹಳಿಗಳನ್ನು ಜೋಡಿಸುವ ಕಬ್ಬಿಣದ ಪಟ್ಟಿ, ಫಿಶ್‌ಪ್ಲೇಟ್, ಕೂರಿಸುವಾಗ ಎರಡು ಹಳಿಗಳ ತುದಿ ನಡುವೆ ಬಿಡಬೇಕಾದ ಸಂದು, ಬಿಸಿಲಿಗೆ ಹಳಿ ಹಿಗ್ಗುವ ಲೆಕ್ಕ, ಬೆಳಗಿನ ಹೊತ್ತು ಹಳಿಯನ್ನು ಹಿಡಿದಿಡುವ ಕೀ (ಬೆಣೆ) ಬಡಿಯುತ್ತಾ ಮೈಲಿಗಟ್ಟಲೆ ನಡೆಯುವಾಗ ಸಡಿಲಾದದ್ದು ಸದ್ದಿನಲ್ಲೇ ತಿಳಿಯುತ್ತಿದ್ದ ಬಗೆ, ಎಲ್ಲ ಆ ಕೆಲಸದ ನಡುವೆ ಹೊರಬಿತ್ತು. ಕಾರ್ಯದರ್ಶಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡ. ಇದಕ್ಕೂ ಮೊದಲು ಕುರ್ಚಿ ಹಾಕಿ ಕೂರಿಸಿ, "ನಿಮ್ಮ ಅನುಭವ ಹೇಳಿ ತಾತ" ಎಂದಾಗ ಹತ್ತು ನಿಮಿಷಕ್ಕೆ ಮಾತು ಮುಗಿದಿತ್ತು. ಕೈಗೆ ಸ್ಪ್ಯಾನರ್ ಕೊಟ್ಟ ಮೇಲೆ ಎರಡು ದಿನವಾದರೂ ಮುಗಿಯಲಿಲ್ಲ. ಅರ್ಧ ಕನ್ನಡ, ಅರ್ಧ ತೆಲುಗು, ನಡುನಡುವೆ ರೈಲ್ವೆಯ ಇಂಗ್ಲಿಷು.

ಎರಡನೇ ತಿರುವು: ದೀಪ ಯಾರದು?

ಬಾಗಿಲು ತೆರೆದ ಕೆಲವೇ ತಿಂಗಳಿಗೆ ಒಂದು ರಗಳೆ ಬಂತು. ಮೂರು ಬಣ್ಣದ ಗಾಜಿನ ಸಿಗ್ನಲ್ ಕೈದೀಪವೊಂದನ್ನು ತೀರಿಕೊಂಡ ಪಾಯಿಂಟ್ಸ್‌ಮನ್ (ರೈಲಿನ ಹಳಿ ಬದಲಿಸುವವರು) ಒಬ್ಬರ ಕಿರಿಮಗ ತಂದುಕೊಟ್ಟಿದ್ದ. ಹಿರಿಮಗ ಹಬ್ಬಕ್ಕೆ ಊರಿಗೆ ಬಂದವನು ಗಾಜಿನ ಪೆಟ್ಟಿಗೆಯಲ್ಲಿ ಅಪ್ಪನ ದೀಪ ನೋಡಿ, "ಇದನ್ನ ಕೊಡೋಕೆ ಅವನ್ಯಾರು?" ಎಂದು ಕೂಗಾಡಿದ. ಸಮಿತಿಯ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ದೀಪ ವಾಪಸ್ ಹೋಯಿತು. ಸುದ್ದಿ ಹಬ್ಬಿ ಇನ್ನೂ ಎರಡು ಮನೆಯವರು ತಮ್ಮ ವಸ್ತುಗಳನ್ನು ತೆಗೆದುಕೊಂಡು ಹೋದರು.

ಅದರ ಜೊತೆಗೇ ಇನ್ನೊಂದು ಪ್ರಶ್ನೆ ತಲೆಯೆತ್ತಿತು. ದೀಪದ ಮೇಲೆ ರೈಲ್ವೆಯ ಅಕ್ಷರ ಕೊರೆದಿತ್ತು. ಅಂದರೆ ಅದು ಅಣ್ಣನದೂ ಅಲ್ಲ, ತಮ್ಮನದೂ ಅಲ್ಲ, ಇಲಾಖೆಯದು ಎಂದು ಯಾರಾದರೂ ಹೇಳಿದರೆ?

ಖಜಾಂಚಿ ಇಲ್ಲಿ ಕೆಲಸಕ್ಕೆ ಬಂದರು. ಬ್ಯಾಂಕಿನಲ್ಲಿ ಅಡಮಾನದ ಕಾಗದ ನೋಡಿ ಪಳಗಿದ ಮನುಷ್ಯ. ಅವರು ಮಾಡಿದ ನಮೂನೆ ಒಂದೇ ಪುಟದ್ದು: ವಸ್ತು, ಅದರ ಫೋಟೋ, ಎಲ್ಲಿಂದ ಬಂತು, ದಾನವೋ ಎರವಲೋ, ಎರವಲಾದರೆ ಯಾವ ದಿನದವರೆಗೆ, ಮನೆಯ ಎಲ್ಲ ವಾರಸುದಾರರ ಸಹಿ. ಮೂರು ಪ್ರತಿ. ರೈಲ್ವೆಯ ಗುರುತಿರುವ ವಸ್ತುಗಳದ್ದೇ ಒಂದು ಪಟ್ಟಿ ಮಾಡಿ, ಇವು ನಮ್ಮ ಸುಪರ್ದಿಯಲ್ಲಿವೆ, ಕೇಳಿದರೆ ತೋರಿಸುತ್ತೇವೆ ಎಂದು ವಿಭಾಗೀಯ ಕಚೇರಿಗೆ ತಾವಾಗಿಯೇ ಬರೆದರು. ಕೇಳುವ ಮೊದಲೇ ಹೇಳಿಬಿಟ್ಟರೆ ಕಳ್ಳಮಾಲಿನ ಮಾತು ಹುಟ್ಟುವುದಿಲ್ಲ ಎನ್ನುವುದು ಅವರ ಲೆಕ್ಕ. ಸಮಿತಿಯನ್ನು ನೋಂದಾಯಿತ ಟ್ರಸ್ಟ್ ಮಾಡಿದ್ದೂ ಆಗಲೇ. ಟೈವಿನ್‌ನಲ್ಲೂ ಸಂಗ್ರಹಾಲಯಕ್ಕೆಂದು ಬೇರೆ ಟ್ರಸ್ಟ್ ಆದದ್ದು 1964ರಲ್ಲಿ. ರೈಲು ಓಡಿಸುವ ಸಂಸ್ಥೆಯ ಆಸ್ತಿ ಬೇರೆ, ಸಂಗ್ರಹದ ಆಸ್ತಿ ಬೇರೆ. ಅವರ ಈಗಿನ ಕಟ್ಟಡ ತೆರೆದದ್ದು 2005ರಲ್ಲಿ. ಕಾಗದಪತ್ರ ಮೊದಲು, ಕಟ್ಟಡ ನಲವತ್ತು ವರ್ಷ ಆಮೇಲೆ. ನಮ್ಮ ಕಡೆ ಸಾಮಾನ್ಯವಾಗಿ ಉಲ್ಟಾ: ಉದ್ಘಾಟನೆಯ ಕಲ್ಲು ಮೊದಲು ಬರುತ್ತದೆ.

ನಮೂನೆ ಬಂದ ಮೇಲೆ ಅಣ್ಣತಮ್ಮ ಇಬ್ಬರೂ ಸಹಿ ಹಾಕಿ ದೀಪವನ್ನು ಐದು ವರ್ಷದ ಎರವಲಿಗೆ ಕೊಟ್ಟರು. ದಾನಕ್ಕೆ ಒಪ್ಪಲಿಲ್ಲ, ಸಮಿತಿಯೂ ಒತ್ತಾಯಿಸಲಿಲ್ಲ.

ಮುಟ್ಟುವುದು, ಮುಟ್ಟದಿರುವುದು

ಹಳೆ ರಟ್ಟಿನ ಟಿಕೆಟ್ಟಿಗೆ ತಾರೀಖು ಒತ್ತುವ ಯಂತ್ರವೊಂದು ಕೆಲಸ ಮಾಡುವ ಸ್ಥಿತಿಯಲ್ಲೇ ಸಿಕ್ಕಿತ್ತು. ಎಡ್ಮಂಡ್ಸನ್ ಎಂಬ ಇಂಗ್ಲಿಷ್ ಸ್ಟೇಷನ್ ಮಾಸ್ಟರ್ ರೂಪಿಸಿದ ಆ ಟಿಕೆಟ್ಟು ಹೆಬ್ಬೆರಳಗಲದ ದಪ್ಪ ರಟ್ಟು. ಯಂತ್ರದ ಸಂದಿನಲ್ಲಿ ತೂರಿಸಿದರೆ 'ಟಕ್' ಎಂದು ತಾರೀಖು ಬೀಳುತ್ತದೆ. ಮಕ್ಕಳು ಸಾಲುಗಟ್ಟಿ ನಿಂತರು. ಆ ವರ್ಷದ ಕೊನೆಗೆ ಯಂತ್ರದ ಒಂದು ಸ್ಪ್ರಿಂಗ್ ಮುರಿಯಿತು. ಇಂಥ ವಸ್ತುವಿಗೆ ಬಿಡಿಭಾಗ ಎಲ್ಲಿಂದ ತರುವುದು?

ಆಮೇಲೆ ವಸ್ತುಗಳನ್ನು ಎರಡು ಪಾಲು ಮಾಡಿದರು. ಒಂದೇ ಇರುವುದು, ಬರಹ ಅಥವಾ ಮೂಲ ಬಣ್ಣ ಉಳಿದಿರುವುದು ಗಾಜಿನೊಳಗೆ. ಜೋಡಿ ಇರುವುದು, ಗಟ್ಟಿ ಕಬ್ಬಿಣದ್ದು ಕೈಗೆ. ಸ್ಪ್ಯಾನರು, ಫಿಶ್‌ಪ್ಲೇಟು, ಹಳಿಯ ತುಂಡು, ಟ್ರಾಲಿ ಎರಡನೇ ಪಾಲಿಗೆ ಬಂದವು. ಟಿಕೆಟ್ ಯಂತ್ರಕ್ಕೆ ಊರಿನ ಲೇತ್ ಅಂಗಡಿಯವನು ಸ್ಪ್ರಿಂಗ್ ಹಾಕಿಕೊಟ್ಟ, ಆದರೆ ಅದು ಮತ್ತೆ ಹೊರಗೆ ಬರಲಿಲ್ಲ. ಮಕ್ಕಳು ಬೇಜಾರಾದರು, ಕಾವಲು ಕಾಯುವವರಿಗೆ ದಿನಾ ಸಬೂಬು ಹೇಳುವ ಕೆಲಸ ಉಳಿಯಿತು. ಇದಕ್ಕೆ ಒಳ್ಳೆಯ ಪರಿಹಾರ ಇನ್ನೂ ಸಿಕ್ಕಿಲ್ಲ.

ಬಣ್ಣದ ವಿಷಯದಲ್ಲಿ ಒಂದು ನಷ್ಟವಾಗಿಯೇ ಹೋಯಿತು. ಉದ್ಘಾಟನೆಯ ಹಿಂದಿನ ವಾರ ಉತ್ಸಾಹಿ ಹುಡುಗರು ಟ್ರಾಲಿಯ ಮರದ ಹಲಗೆಯನ್ನು ಸ್ಯಾಂಡ್‌ಪೇಪರ್ ಹಾಕಿ ಉಜ್ಜಿ ಕೆಂಪು ಎನಾಮೆಲ್ ಬಳಿದರು. ಹಲಗೆಯ ಮೇಲೆ ವಿಭಾಗದ ಹೆಸರು, ನಂಬರು ಮಾಸಲಾಗಿ ಇದ್ದವು. ಅದೃಷ್ಟಕ್ಕೆ ದಾಖಲಾತಿಯ ಫೋಟೋ ಆಗಿತ್ತು. ಈಗ ಟ್ರಾಲಿಯ ಪಕ್ಕ ಆ ಫೋಟೋ ತೂಗುಹಾಕಿದ್ದಾರೆ, ಬಣ್ಣ ಯಾವಾಗ ಬಳಿದದ್ದೆಂದೂ ಬರೆದಿದ್ದಾರೆ. ಕುಟುಂಬಗಳಿಂದ ಬಂದ ಫೋಟೋಗಳಿಗೆ ಲ್ಯಾಮಿನೇಷನ್ ಮಾಡಿಸಿಬಿಡೋಣ ಎಂಬ ಮಾತು ಬಂದಾಗ ಟ್ರಾಲಿಯನ್ನು ತೋರಿಸಿದರೆ ಸಾಕಾಯಿತು. ಬಿಸಿಗೆ ಅಂಟಿಸಿದ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸಲು ಬರುವುದಿಲ್ಲ. ಸ್ಕ್ಯಾನ್ ಮಾಡಿ, ಪ್ರತಿಯನ್ನು ಗೋಡೆಗೆ ಹಾಕಿ, ಮೂಲವನ್ನು ಮನೆಯವರಿಗೇ ಮರಳಿಸಿದರು.

ಈಗಿನ ಸ್ಥಿತಿ

ಭಾನುವಾರ, ರಜಾದಿನ ಮಾತ್ರ ಬಾಗಿಲು ತೆರೆಯುತ್ತದೆ. ಶಾಲೆಗಳು ಮೊದಲೇ ಹೇಳಿದರೆ ವಾರದ ದಿನವೂ ಉಂಟು. ಹೊಸ ಬ್ರಾಡ್‌ಗೇಜ್ ಹಳಿ ಅಲ್ಲಿಂದ ಕಣ್ಣಳತೆಯಲ್ಲಿದೆ. ಅದರ ಮೇಲೆ ರೈಲು ಹೋಗುವ ಹೊತ್ತಿಗೆ ಸರಿಯಾಗಿ ಮಕ್ಕಳನ್ನು ಸಣ್ಣ ದಾರಿಯ ಪಕ್ಕ ನಿಲ್ಲಿಸುತ್ತಾರೆ. ಎರಡು ಗೇಜುಗಳ ವ್ಯತ್ಯಾಸವನ್ನು ಬಾಯಲ್ಲಿ ಹೇಳುವ ಕೆಲಸ ಉಳಿಯುವುದಿಲ್ಲ.

ಇಂಜಿನ್ ಎಲ್ಲಿ ಎಂದು ಕೇಳಿ ಮುಖ ಸಣ್ಣ ಮಾಡಿಕೊಂಡು ಹೋಗುವವರು ಈಗಲೂ ಇದ್ದಾರೆ. ರಾಜೀನಾಮೆ ಕೊಟ್ಟ ಅಧ್ಯಕ್ಷರು ಒಮ್ಮೆ ಮೊಮ್ಮಗಳನ್ನು ಕರೆದುಕೊಂಡು ಬಂದು ಎಲ್ಲ ನೋಡಿ, "ಚೆನ್ನಾಗಿದೆ, ಆದ್ರೂ ಒಂದು ಇಂಜಿನ್ ಇರಬೇಕಿತ್ತು" ಎಂದರು. ಅವರ ಮಾತಿನಲ್ಲಿ ಹುರುಳಿಲ್ಲವೆಂದು ನನಗೆ ಅನ್ನಿಸುವುದಿಲ್ಲ. ಇಂಜಿನ್ ಇದ್ದಿದ್ದರೆ ಹೆದ್ದಾರಿಯಿಂದ ಜನ ತಿರುಗಿ ಬರುತ್ತಿದ್ದರು, ಹುಂಡಿಗೆ ಇನ್ನಷ್ಟು ಬೀಳುತ್ತಿತ್ತು. ಆದರೆ ಆ ಹಣದಲ್ಲಿ ಮಾಡು ಹೊಚ್ಚಿಸದೆ ಇದ್ದಿದ್ದರೆ ಮುಂದಿನ ಮಳೆಗಾಲಕ್ಕೆ ಹಿಂಗೋಡೆ ನಿಲ್ಲುತ್ತಿರಲಿಲ್ಲ ಎಂದು ಕೆಲಸ ಮಾಡಿದ ಮೇಸ್ತ್ರಿಯೇ ಹೇಳಿದ್ದ.

ಉಳಿದಿರುವ ತೊಡಕು ಎರಡು. ಜಾಗದ ಪರವಾನಗಿಯನ್ನು ಆಗಾಗ ನವೀಕರಿಸಬೇಕು. ಪ್ರತಿ ಸಲವೂ ಅಧಿಕಾರಿ ಹೊಸಬರು, ಮೊದಲಿನಿಂದ ವಿವರಿಸಬೇಕು. ನವೀಕರಣ ಸಿಗದೆ ಹೋದರೆ ವಸ್ತುಗಳು ಎಲ್ಲಿಗೆ ಹೋಗಬೇಕೆಂದು ಟ್ರಸ್ಟಿನ ಪತ್ರದಲ್ಲಿ ಬರೆದಿಟ್ಟಿದ್ದಾರೆ: ಎರವಲಿನವು ಮನೆಗಳಿಗೆ, ದಾನದವು ತಾಲ್ಲೂಕಿನ ಗ್ರಂಥಾಲಯದ ಒಂದು ಕೋಣೆಗೆ. ಇನ್ನೊಂದು, ತಾತನ ರೆಕಾರ್ಡಿಂಗ್ ಬರಹಕ್ಕೆ ಇಳಿದಿಲ್ಲ. ತೆಲುಗು ಬಲ್ಲ, ರೈಲ್ವೆಯ ಮಾತೂ ಬಲ್ಲ ಇನ್ನೊಬ್ಬರು ಬೇಕು. ಸದ್ಯಕ್ಕೆ ನಿವೃತ್ತ ಗ್ಯಾಂಗ್‌ಮನ್ ಒಬ್ಬರ ಮಗಳು, ಈಗ ಕಾಲೇಜಿನಲ್ಲಿ ಕಲಿಸುವವರು, ಒಂದಿಷ್ಟು ಕಡತಗಳನ್ನು ತೆಗೆದುಕೊಂಡು ಹೋಗಿದ್ದಾರೆ. ಅರ್ಥವಾಗದ ಕಡೆ ಫೋನ್ ಮಾಡಿ ತಾತನನ್ನೇ ಕೇಳುತ್ತಾರೆ. ಅವರು ಉತ್ತರ ಕೊಡುವ ಬದಲು ಹೊಸದೇನೋ ಶುರು ಮಾಡುತ್ತಾರಂತೆ.